ಸಂದು ಬಿಟ್ಟ ಹಲ್ಲು

ಜನವರಿ ೬

ಅಕ್ಕ,

ಕಾಗದ ಕಂಡು ಗಾಬರಿಯಾಗಬೇಡಿ, ಇಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ. ‘ಒಂದು ಫೋನ್ ಮಾಡಿದ್ರೆ ಆಗ್ತಿರಲಿಲ್ವೇನೇ’ ಅಂತ ಇವರು ಅಂದರು. ಇದು ಫೋನಿನಲ್ಲಿ ಹೇಳುವ ವಿಷಯವಲ್ಲ, ಬಾಯಿಬಿಟ್ಟು ಹೇಳಲು ನಾಚಿಕೆ. ಅಕ್ಕ, ನಾನೊಂದು ಕಥೆ ಬರೆದಿದ್ದೇನೆ.

ನಗಬೇಡಿ! ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿತಂತೆ ಅನ್ನುತ್ತೀರಿ, ಗೊತ್ತು. ನೀವು ಎರಡು ಪುಸ್ತಕ ತಂದವರು, ಪಠ್ಯಪುಸ್ತಕದ ಕಚೇರಿಯಲ್ಲಿ ಕೂತು ದೊಡ್ಡ ದೊಡ್ಡವರ ಬರಹದ ತಪ್ಪು ತಿದ್ದುವವರು. ನಾನೋ, ಹಲ್ಲಿನ ಡಾಕ್ಟರ ಹಿಂದಿನ ಕೋಣೆಯಲ್ಲಿ ಕೂತು ಊರವರ ಬಾಯಿಗೆ ಸೆಟ್ಟು ಕಟ್ಟುವವಳು. ಆದರೂ ಬರೆದೆ. ಒಬ್ಬ ಅಜ್ಜಿ ಬಂದಿದ್ದರು, ಅವರು ಬರೆಯದೆ ಇರಲು ಬಿಡಲಿಲ್ಲ.

ಹಲ್ಲೆಲ್ಲ ಉದುರಿ ಸೆಟ್ಟು ಮಾಡಿಸಲು ಬಂದವರು. ಮುಂದಿನ ಎರಡು ಹಲ್ಲಿನ ನಡುವೆ ಸಂದು ಬಿಡಲೇಬೇಕು ಅಂತ ಹಟ. ‘ಸಂದು ಮುಚ್ಚೋಕೆ ಜನ ನನ್ ಹತ್ರ ಬರ್ತಾರೆ, ನೀವೊಬ್ರು ಸಂದು ಕೇಳ್ಕೊಂಡು ಬಂದಿದೀರಲ್ಲಮ್ಮ!’ ಅಂತ ಡಾಕ್ಟರು ತಲೆ ಚಚ್ಚಿಕೊಂಡರು. ಅದಕ್ಕೆ ಅಜ್ಜಿ, ‘ಮದುವೆಯಾದಾಗಿಂದ ಆ ಸಂದಲ್ಲೇ ಸೀಟಿ ಹೊಡೆದು ನಮ್ಮನೆಯವರನ್ನ ಕರೀತಿದ್ದೆ ಕಣಪ್ಪ. ಈಗ ಅವರಿಗೆ ಮರೆವು. ನನ್ ಹೆಸರು ಮರ್ತಿದಾರೆ, ಮುಖ ಮರ್ತಿದಾರೆ. ಸೀಟಿ ಮರ್ತಿರಲ್ಲ, ಹೊಡೆದು ನೋಡ್ತೀನಿ’ ಅಂದರು. ಮೇಣದಲ್ಲಿ ಹಲ್ಲು ಕೂರಿಸಿ ಬಾಯಿಗಿಟ್ಟು ಅಳತೆ ನೋಡುವ ದಿನ ಅಲ್ಲೇ ಸೀಟಿ ಹೊಡೆಯಲು ಹೋಗಿ, ಸೆಟ್ಟು ಹಾರಿ ಡಾಕ್ಟರ ಕಾಫಿಯೊಳಗೆ ಬಿತ್ತು. ಅಜ್ಜಿ ಮನೆಗೆ ಹೋದ ಮೇಲೆ ಏನಾಯಿತು ಅನ್ನುವುದನ್ನು ನಾನೇ ಕಟ್ಟಿ ಬರೆದೆ. ಜೊತೆಗಿಟ್ಟಿದ್ದೇನೆ, ಓದಿ. ಇದೊಂದೇ ಪ್ರತಿ, ಜೋಪಾನ.

ವಾರಪತ್ರಿಕೆಯ ಕಥಾಸ್ಪರ್ಧೆಗೆ ಮಾರ್ಚ್ ಕೊನೆಯೊಳಗೆ ಕಳಿಸಬೇಕು. ಎಲ್ಲಿಂದ ಶುರು ಮಾಡುವುದು, ಮಾತು ಎಷ್ಟಿರಬೇಕು, ಮುಗಿಸುವುದು ಹೇಗೆ, ನನಗೆ ಒಂದೂ ಗೊತ್ತಿಲ್ಲ. ಕಿವಿ ಹಿಂಡಿ ಹೇಳಿಕೊಡಿ.

ಅತ್ತೆಗೆ ಮಾತ್ರ ಈಗಲೇ ಓದಿ ಹೇಳಬೇಡಿ. ನೀವು ತಿದ್ದಿ ಚೆನ್ನಾದ ಮೇಲೆ ಓದಿ. ಬಹುಮಾನ ಬರದಿದ್ದರೆ ಹೋಗಲಿ, ಅತ್ತೆ ‘ಭೇಷ್’ ಅನ್ನಬೇಕು, ನನಗೆ ಅಷ್ಟು ಸಾಕು. ಹೋದ ಸಲ ಬಂದಾಗ ಅವರ ದಿಂಬಿನ ಪಕ್ಕದಲ್ಲಿ ನಿಮ್ಮ ಪುಸ್ತಕ ನೋಡಿದೆ. ಅಯ್ಯೋ, ನಿಜ ಹೇಳಬೇಕೆಂದರೆ ಹೊಟ್ಟೆ ಉರಿದುಹೋಯಿತು.

ನಿಮ್ಮ ಓರಗಿತ್ತಿ

*

ಜನವರಿ ೧೯

ತಂಗಿಗೆ,

ನಿನ್ನ ಕಾಗದವೂ ಕಥೆಯೂ ಬಂದು ಸೇರಿದವು. ಸಂತೋಷ. ಬರೆಯುವ ಆಸೆ ಯಾರಿಗೆ ತಾನೇ ಇರುವುದಿಲ್ಲ? ಆಸೆ ಬೇರೆ, ಸಾಧನೆ ಬೇರೆ. ಕೇಳಿದ್ದೀಯ ಎಂದು ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ.

ನಕಲು ಇಟ್ಟುಕೊಳ್ಳದೆ ಯಾರಿಗೂ ಬರಹ ಕಳಿಸಬಾರದು. ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಬೇಕು. ಕಣ್ಣಿಗೆ ಕಾಣದ ತಪ್ಪು ಕಿವಿಗೆ ಕೇಳುತ್ತದೆ. ಇವು ಎಲ್ಲರಿಗೂ ಹೇಳುವ ಮಾತು. ಇನ್ನು ನಿನ್ನ ಕಥೆ. ಅದು ಬಾಗಿಲು ತೆಗೆದ ಕೂಡಲೇ ಮಾತಿಗೆ ತೊಡಗುತ್ತದೆ. ಓದುಗನಿಗೆ ಒಂದು ವಾತಾವರಣ ಬೇಕು. ಸಂಜೆಯ ಆಕಾಶ, ಬೀಸುವ ಗಾಳಿ, ಬೀದಿಯ ಮೌನ, ಒಂದು ಪುಟವಾದರೂ ಇರಲಿ. ಸಂಭಾಷಣೆ ವಿಪರೀತವಾಯಿತು. ಅಡುಗೆಮನೆಯಲ್ಲಿ ಮಾತಾಡುವ ಹಾಗೆ ಸಾಹಿತ್ಯದಲ್ಲಿ ಮಾತಾಡುವುದಿಲ್ಲ. ‘ತಲೆ ಚಚ್ಚಿಕೊಂಡರು’ ಎಂಬುದು ಹಗುರ, ‘ಖಿನ್ನರಾದರು’ ಎನ್ನಬಹುದು. ಕಾಫಿಯಲ್ಲಿ ಸೆಟ್ಟು ಬೀಳುವುದನ್ನು ತೆಗೆದುಬಿಡು. ನಗಿಸುವವರನ್ನು ಜನ ಆ ಕ್ಷಣಕ್ಕೆ ಮೆಚ್ಚುತ್ತಾರೆ, ನೆನಪಿಡುವುದಿಲ್ಲ.

ಆ ಸಂದು, ಸೀಟಿ ಎರಡೂ ನನಗೆ ಸರಿಕಾಣಲಿಲ್ಲ. ಸೀಟಿ ಹೊಡೆಯುವ ಮುದುಕಿಗೆ ಘನತೆ ಎಲ್ಲಿಂದ ಬರಬೇಕು? ಅವಳು ಕಿಟಕಿಯ ಬಳಿ ನಿಂತು ಮುಳುಗುವ ಸೂರ್ಯನನ್ನು ನೋಡುತ್ತಾ ಗಂಡನನ್ನು ನೆನೆಯಲಿ. ಯೋಚಿಸಿ ನೋಡು.

ನಿನ್ನ ಹಾಳೆಗಳ ತುಂಬ ನನ್ನ ಕೆಂಪು ಪೆನ್ನಿನ ಗುರುತುಗಳಾಗಿವೆ. ಕಳಿಸಿದರೂ ನಿನಗೆ ಓದಲಾಗದು, ಹೊಸದಾಗಿಯೇ ಬರೆ.

ಅತ್ತೆಗೆ ಓದಿಲ್ಲ, ನೀನೇ ಬೇಡವೆಂದೆಯಲ್ಲ. ಅವರು ಕ್ಷೇಮ. ಈಚೆಗೆ ಮಾತ್ರ ತುಟಿ ಮುಂದೆ ಮಾಡಿ ಉಸ್ ಉಸ್ ಎಂದು ಗಾಳಿ ಬಿಡುತ್ತಾರೆ, ತಮ್ಮಷ್ಟಕ್ಕೆ ನಗುತ್ತಾರೆ. ನೀನು ಮಾಡಿಕೊಟ್ಟ ಸೆಟ್ಟು ಸಡಿಲವಾಗಿರಬೇಕು.

ನಿನ್ನ ಅಕ್ಕ

*

ಫೆಬ್ರವರಿ ೨

ಅಕ್ಕ,

ಮೊದಲು ಅತ್ತೆಯ ವಿಷಯ. ಉಸ್ ಉಸ್ ಅಂದರೆ ಮೇಲಿನ ಸೆಟ್ಟಿನೊಳಗೆ ಗಾಳಿ ಸೇರುತ್ತಿದೆ. ಊಟ ಮಾಡುವಾಗ ಜಾರುತ್ತಾ? ನೀರು ಕುಡಿಯುವಾಗ ಟಕ್ ಅನ್ನುತ್ತಾ? ಒಸಡು ಕೆಂಪಾಗಿದೆಯಾ, ಬೆಳಕಿಗೆ ಹಿಡಿದು ನೋಡಿ. ಎಷ್ಟು ಜನಕ್ಕೆ ಸೆಟ್ಟು ಮಾಡಿದ್ದೇನೋ, ಅತ್ತೆಯದನ್ನು ಮಾಡಿದಷ್ಟು ಭಯಭಕ್ತಿಯಿಂದ ಬೇರೆ ಯಾರದ್ದನ್ನೂ ಮಾಡಿರಲಿಲ್ಲ. ಅದೇ ಕೈಕೊಟ್ಟಿತಲ್ಲ ಅಂತ ಊಟ ಸೇರುತ್ತಿಲ್ಲ. ನಿಮ್ಮ ಮೈದುನರಂತೂ ‘ನೀನೇ ಮಾಡಿದ್ದಲ್ವಾ, ಸಡಿಲ ಆಗದೆ ಇರುತ್ತಾ’ ಅಂತ ಕಾಲೆಳೆಯುತ್ತಿದ್ದಾರೆ.

ಇನ್ನು ಕಥೆ. ಇಷ್ಟು ಹೊತ್ತು ಕೂತು ನನಗಾಗಿ ಯಾರು ಬರೆಯುತ್ತಾರೆ ಅಕ್ಕ! ನಿಮ್ಮ ಋಣ ದೊಡ್ಡದು. ಆಕಾಶಕ್ಕೆ ಒಂದು ಪುಟ ಕೊಟ್ಟೆ. ನಮ್ಮ ಕೋಣೆಗೆ ಕಿಟಕಿಯೇ ಇಲ್ಲ, ಇರುವುದು ಗಾಳಿ ಹೊರಹಾಕುವ ಫ್ಯಾನು, ಅದರಾಚೆ ಪಕ್ಕದ ಕಟ್ಟಡದ ಗೋಡೆ. ಆದರೂ ಕೊಟ್ಟೆ. ಡಾಕ್ಟರು ಈಗ ಖಿನ್ನರಾಗಿದ್ದಾರೆ. ಕಾಫಿ ತೆಗೆದೆ.

ಇವರಿಗೆ ಓದಿದೆ. ‘ತುಂಬಾ ಸಾಹಿತ್ಯ ಇದೆ ಕಣೇ’ ಅಂದು ಸ್ನಾನಕ್ಕೆ ಹೋದರು. ಮೊದಲನೆಯದನ್ನು ಓದಿದಾಗ ವಾರವೆಲ್ಲ ಸೀಟಿ ಹೊಡೆದು ನನ್ನ ಪ್ರಾಣ ತಿಂದಿದ್ದರು. ಈ ಸಲ ಸುಮ್ಮನಾದರು ಅಂದರೆ ಮನಸ್ಸಿಗೆ ಇಳಿದಿದೆ ಅಂತಲೇ ಅಲ್ಲವೇ?

ಒಂದೇ ಒಂದು ಮಾತು, ಸಿಟ್ಟಾಗಬೇಡಿ. ಸಂದು ಮುಚ್ಚಿಬಿಟ್ಟರೆ ಅಜ್ಜಿ ನಮ್ಮ ಕ್ಲಿನಿಕ್ಕಿಗೆ ಬಂದದ್ದಾದರೂ ಯಾಕೆ? ಅದನ್ನು ತೆಗೆಯಲು ಕೂತಾಗಲೆಲ್ಲ ಕೈ ಏಳುತ್ತಿಲ್ಲ. ಹಳೆಯ ಹಾಳೆಗಳನ್ನು ಹಾಗೇ ಕಳಿಸುತ್ತೀರಾ? ಕೆಂಪು ಗುರುತು ಇದ್ದರೆ ಇರಲಿ.

ನಿಮ್ಮ ಓರಗಿತ್ತಿ

*

ಫೆಬ್ರವರಿ ೧೪

ತಂಗಿಗೆ,

ಸಲಹೆ ಕೇಳಿದವರು ವಾದಕ್ಕೆ ನಿಲ್ಲಬಾರದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸಂದು ನಿನಗೆ ಇಷ್ಟವಾಗಿರುವುದರಿಂದಲೇ ಅದನ್ನು ತೆಗೆಯಬೇಕು. ಬರೆಯುವವಳಿಗೆ ತೀರಾ ಮುದ್ದಾದದ್ದು ಓದುವವರಿಗೆ ಹೊರೆ. ಇದನ್ನು ಕಲಿಯಲು ನನಗೆ ವರ್ಷಗಳು ಹಿಡಿದವು, ನಿನಗೆ ಕೂತಲ್ಲಿಗೇ ಬಂದಿದೆ.

ಹಾಳೆಗಳನ್ನು ಎಲ್ಲಿಟ್ಟೆನೋ, ಸಿಗುತ್ತಿಲ್ಲ. ಸಿಗದಿದ್ದರೇ ಒಳ್ಳೆಯದು. ಹಳೆಯದನ್ನು ಪಕ್ಕದಲ್ಲಿಟ್ಟುಕೊಂಡರೆ ಹೊಸದು ಹುಟ್ಟುವುದಿಲ್ಲ.

ಸ್ಪರ್ಧೆಯ ಬಗ್ಗೆಯೂ ಹೇಳಬೇಕು. ನಾನು ಅದಕ್ಕೆ ಪ್ರತಿವರ್ಷ ಕಳಿಸುತ್ತಿರುವುದು ನಿನಗೆ ಗೊತ್ತು. ಎರಡು ಸಲ ‘ಮೆಚ್ಚುಗೆ ಪಡೆದ ಕಥೆಗಳು’ ಎಂದು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಹೆಸರು ಬಂದಿತ್ತು. ಈ ವರ್ಷವೂ ಕಳಿಸುವವಳಿದ್ದೇನೆ. ಒಂದೇ ಮನೆಯ ಇಬ್ಬರು ಸೊಸೆಯರು ಪೈಪೋಟಿಗೆ ಬಿದ್ದರು ಎಂದು ನಾಲ್ಕು ಜನ ಆಡಿಕೊಳ್ಳುವುದು ಬೇಡ. ನೀನು ಮುಂದಿನ ವರ್ಷ ನೋಡು. ನಿನಗೇನು ವಯಸ್ಸು ಮೀರಿದೆಯೇ?

ಸೆಟ್ಟಿನ ಚಿಂತೆ ಬಿಡು, ಊಟಕ್ಕೆ ತೊಂದರೆಯಿಲ್ಲ. ಅತ್ತೆ ‘ಚಿಕ್ಕೋಳ ಕಾಗದ ಬಂತಾ?’ ಎಂದು ಕೇಳುತ್ತಲೇ ಇರುತ್ತಾರೆ. ಕಚೇರಿಯಿಂದ ಬಂದು ಚಪ್ಪಲಿ ಬಿಡುವುದಕ್ಕೂ ಪುರುಸೊತ್ತಿಲ್ಲ, ಅದೇ ಪ್ರಶ್ನೆ. ಹಗಲೆಲ್ಲ ಬೇರೆಯವರ ತಪ್ಪು ತಿದ್ದಿ ಕಣ್ಣು ಉರಿಯುತ್ತಿರುತ್ತದೆ. ‘ನಿನಗೆ ಹೇಗಿದೆ’ ಎಂದು ಕೇಳುವವರಿಲ್ಲ.

ನಿನ್ನ ಅಕ್ಕ

*

ಮಾರ್ಚ್ ೩

ಮಾನ್ಯ ಅಕ್ಕನವರಿಗೆ,

ತಮ್ಮ ಸೂಚನೆಯಂತೆ ಕಥೆಯನ್ನು ಪರಿಷ್ಕರಿಸಿ ಇದರೊಂದಿಗೆ ಲಗತ್ತಿಸಿದ್ದೇನೆ. ಸಂದನ್ನು ಮುಚ್ಚಲಾಗಿದೆ. ಸೀಟಿಯನ್ನು ಕೈಬಿಡಲಾಗಿದೆ. ವೃದ್ಧೆಯು ಗವಾಕ್ಷಿಯ ಬಳಿ ನಿಂತು ಅಸ್ತಮಿಸುವ ಸೂರ್ಯನನ್ನು ನಿರುಕಿಸುತ್ತಾಳೆ. ಅಲ್ಲಿಗೆ ಕಥೆ ಸಮಾಪ್ತಿ.

ಸ್ಪರ್ಧೆಗೆ ಕಳಿಸುವುದಿಲ್ಲ. ಈ ವರ್ಷವೂ ಇಲ್ಲ, ಮುಂದಿನ ವರ್ಷವೂ ಇಲ್ಲ. ನಕಲನ್ನೂ ಇಟ್ಟುಕೊಂಡಿಲ್ಲ, ಇಟ್ಟುಕೊಳ್ಳಬೇಕು ಅನ್ನಿಸಲಿಲ್ಲ. ಮೊದಲನೆಯದನ್ನು ಬರೆಯುವಾಗ ಹ್ಯಾಗೆ ಹೊತ್ತು ಹೋಗುತ್ತಿತ್ತೋ ಗೊತ್ತಾಗುತ್ತಿರಲಿಲ್ಲ ಅಕ್ಕ. ಇದನ್ನು ಬರೆಯುವಾಗ ಪ್ರತಿ ಸಾಲಿಗೂ ಗಡಿಯಾರ ನೋಡಿದೆ. ನನಗೆ ಇದು ಒಗ್ಗುವುದಿಲ್ಲ.

ಅತ್ತೆಗೆ ಒಂದೇ ಸಲ ಓದಿ ಹೇಳಿ. ಅವರು ಏನಂದರು ಅಂತ ಬರೆದರೆ ಸಾಕು.

ಆ ಅಜ್ಜಿ ಬಂದು ಸೆಟ್ಟು ತೆಗೆದುಕೊಂಡು ಹೋದರು. ಅವರದ್ದಕ್ಕೆ ಸಂದು ಬಿಟ್ಟೇ ಕೊಟ್ಟಿದ್ದೇನೆ.

ತಮ್ಮ ವಿಧೇಯ ಓರಗಿತ್ತಿ

*

ಮಾರ್ಚ್ ೧೨

ಏ ಹುಡುಗಿ,

‘ನಿರುಕಿಸುತ್ತಾಳೆ’ ಅಂತೆ! ಗವಾಕ್ಷಿಯಂತೆ! ನಾನು ಹೇಳಿದ್ದಕ್ಕೆಲ್ಲ ಹೀಗೆ ಕೋಲೆಬಸವನ ಹಾಗೆ ತಲೆ ಆಡಿಸೋದಾ? ಒಂದು ಸಲ ಎದುರು ಮಾತಾಡಿದೆ, ಅಲ್ಲಿಗೆ ಮುಗೀತಾ ನಿನ್ನ ಹಟ? ಸಂದು ಬಿಡಿ ಅಂತ ಡಾಕ್ಟರ ಮುಂದೆ ಕೂತ ಆ ಅಜ್ಜಿಗೆ ಇದ್ದ ಗಂಡೆದೆ ನಿನಗಿಲ್ಲವಲ್ಲ.

ಭಾನುವಾರ ಮಧ್ಯಾಹ್ನ ಓದಿದೆ. ಅತ್ತೆ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಕಣ್ಣು ಮಬ್ಬಾದ ಮೇಲೆ ಕಿವಿಯೊಂದೇ ತಾನೇ ಅವರಿಗೆ. ಇದು ಯಾರದ್ದು ಅಂತ ನಾನು ಹೇಳಲಿಲ್ಲ. ಮುಗಿದ ಮೇಲೆ ಹೇಳಿ ಅವರ ಮುಖ ನೋಡಬೇಕು, ಅವರಿಗೆ ಚಿಕ್ಕೋಳ ಬಂಡವಾಳ ಗೊತ್ತಾಗಬೇಕು ಅಂತ ಒಳಗೊಳಗೇ ಹಿಗ್ಗುತ್ತಿದ್ದೆ. ಆಕಾಶ ಮುಗಿಯಿತು. ಗಾಳಿ ಮುಗಿಯಿತು. ಅತ್ತೆ ಆಕಳಿಸಿದರು. ಡಾಕ್ಟರು ಖಿನ್ನರಾಗುವ ಹೊತ್ತಿಗೆ ಕೈ ಎತ್ತಿ ನಿಲ್ಲಿಸಿದರು.

‘ದೊಡ್ಡೋಳೇ, ನಿಂದು ಆಮೇಲೆ ಓದುವೆಯಂತೆ. ಮೊದ್ಲು ಚಿಕ್ಕೋಳದ್ದು ಓದು.’

ಕೇಳಿಸಿತಾ? ನನ್ನದು ಅಂದುಕೊಂಡರು. ನಿನ್ನ ಕಥೆ ಕೆಡಿಸಬೇಕು ಅಂತ ಹೊರಟವಳಿಗೆ, ಕೆಡಿಸೋಕೆ ಗೊತ್ತಿದ್ದದ್ದು ಒಂದೇ ದಾರಿ. ನಾನು ಇಷ್ಟು ವರ್ಷ ಬರೆದುಕೊಂಡು ಬಂದ ದಾರಿ.

ಹೂಂ, ಹೊಟ್ಟೆಕಿಚ್ಚೇ. ಬೇರೆ ಹೆಸರಿಲ್ಲ ಅದಕ್ಕೆ. ನಿನ್ನ ಕಥೆ ಬಂದ ದಿನವೇ ಅತ್ತೆಗೆ ಓದಿದ್ದೆ. ನೀನು ಬೇಡ ಅಂದಿದ್ದಕ್ಕೇ ಓದಿದೆ, ನಿನ್ನ ನೋಡಿ ನಗಲಿ ಅಂತ. ನಕ್ಕರು. ಕಾಫಿಗೆ ಸೆಟ್ಟು ಬಿದ್ದಾಗ ತಮ್ಮ ಸೆಟ್ಟು ಕೈಯಲ್ಲಿ ಹಿಡಿದುಕೊಂಡು ನಕ್ಕರು. ಕೊನೆಯಲ್ಲಿ ಅಜ್ಜಿ ಅಂಗಳದಲ್ಲಿ ನಿಂತು ಸೀಟಿ ಹೊಡೆದಾಗ ಒಳಗಿನಿಂದ ಆ ಮರೆವಿನ ಮುದುಕ ‘ಬಂದೆ ಕಣೇ’ ಅಂತಾನಲ್ಲ, ಅಲ್ಲಿ ಸೆರಗು ಕಣ್ಣಿಗೆ ಹೋಯಿತು. ‘ಇನ್ನೊಂದ್ಸಲ ಓದು’ ಅಂದರು. ಈ ಮನೆಗೆ ಬಂದಾಗಿಂದ ಅವರಿಗೆ ನನ್ನ ಕಥೆ ಓದುತ್ತಿದ್ದೇನೆ. ‘ಚೆನ್ನಾಗಿದೆ ಕಣಮ್ಮ, ಪಾಪ ನಿಂಗೂ ಸುಸ್ತಾಗಿರುತ್ತೆ, ಮಲ್ಕೋ’ ಅಂತಾರೆ. ಇನ್ನೊಂದ್ಸಲ ಅಂತ ಒಂದು ಸಲಾನೂ ಅಂದಿಲ್ಲ.

ಸೆಟ್ಟು ಸಡಿಲ ಆಗಿಲ್ಲ. ಅವರು ಸೀಟಿ ಕಲೀತಿದ್ದಾರೆ. ಹಾಳೆ ಕಳೆದಿಲ್ಲ, ಅವರ ದಿಂಬಿನ ಕೆಳಗಿದೆ. ಎರಡು ದಿನಕ್ಕೊಮ್ಮೆ ತೆಗೆದುಕೊಟ್ಟು ‘ಓದು’ ಅಂತಾರೆ. ಹಲ್ಲು ಕಚ್ಚಿಕೊಂಡು ಓದಲು ಕೂರುತ್ತೇನೆ, ಅಜ್ಜಿಯ ಮಾತು ಬಂದ ಕೂಡಲೇ ನನಗೇ ಗೊತ್ತಿಲ್ಲದ ಹಾಗೆ ಬೊಚ್ಚುಬಾಯಿ ಮಾಡಿಕೊಂಡು ಓದುತ್ತಿರುತ್ತೇನೆ. ಇನ್ನು, ದಿಂಬಿನ ಪಕ್ಕ ನನ್ನ ಪುಸ್ತಕ ನೋಡಿ ಹೊಟ್ಟೆ ಉರಿಯಿತು ಅಂದೆಯಲ್ಲ. ಅದರ ಮೇಲೆ ಅತ್ತೆ ಸೆಟ್ಟಿನ ಲೋಟ ಇಡುತ್ತಾರೆ ತಾಯಿ. ಮುಖಪುಟದ ತುಂಬ ನೀರಿನ ಕಲೆ. ಉರಿದುಕೋ ಈಗ.

ನಿನ್ನ ಮೊದಲನೆಯ ಕಥೆಯನ್ನ ಅಂದವಾಗಿ ನಕಲು ಮಾಡಿ, ನಿನ್ನ ಹೆಸರು ವಿಳಾಸ ಹಾಕಿ ಸ್ಪರ್ಧೆಗೆ ಕಳಿಸಿದ್ದೇನೆ. ಕೇಳಲಿಲ್ಲ, ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ. ಕೆಂಪು ಗುರುತು ಒಂದನ್ನೂ ಸೇರಿಸಲಿಲ್ಲ. ‘ಬಂದೆ ಕಣೇ’ ಆದ ಮೇಲೆ ನೀನು ‘ಪ್ರೀತಿಗೆ ಮರೆವಿಲ್ಲ’ ಅಂತ ಒಂದು ಸಾಲು ಬರೆದಿದ್ದೆ, ಅದನ್ನ ಮಾತ್ರ ಹೊಡೆದುಹಾಕಿದೆ. ಮುದುಕ ‘ಬಂದೆ’ ಅಂದ ಮೇಲೆ ನೀನು ಬಾಯಿ ಮುಚ್ಚಿಕೊಂಡಿರಬೇಕು. ಇದು ಹೊಟ್ಟೆಕಿಚ್ಚಿನಿಂದ ಹೇಳಿದ್ದಲ್ಲ. ತಿದ್ದೋದು ನನ್ನ ಕಸುಬು, ಇಷ್ಟು ಗೊತ್ತಾಗುತ್ತೆ ನನಗೆ.

ನನ್ನ ಕಥೆಯನ್ನೂ ಕಳಿಸಿದ್ದೇನೆ. ನಿನಗೆ ಬಹುಮಾನ ಬರದೇ ಇರಲಿ ಅನ್ನೋ ಆಸೆ ಇನ್ನೂ ಇದೆ. ಸುಳ್ಳು ಯಾಕೆ ಹೇಳಲಿ.

ಅಕ್ಕ

*

ಮಾರ್ಚ್ ೨೪

ಅತ್ತೆ,

ಇನ್ನು ಮೇಲೆ ಕಾಗದ ನಿಮಗೇ ಬರೆಯುತ್ತೇನೆ. ಓದಿ ಹೇಳುವವರು ಅಕ್ಕನೇ, ಆದರೆ ಕಾಗದ ನಿಮ್ಮದು. ಅಕ್ಕ, ಪೆನ್ನು ಕೆಳಗಿಡಿ, ಗಟ್ಟಿಯಾಗಿ ಓದಿ. ನೀವೇ ಹೇಳಿಕೊಟ್ಟದ್ದು, ಕಣ್ಣಿಗೆ ಕಾಣದ ತಪ್ಪು ಕಿವಿಗೆ ಕೇಳುತ್ತದೆ ಅಂತ.

ಅತ್ತೆ, ನಿಮ್ಮ ದೊಡ್ಡ ಸೊಸೆ ಬೇಕು ಬೇಕಂತಲೇ ನನ್ನ ಕಥೆಯ ಹಲ್ಲು ಕಿತ್ತರು. ಎರಡು ತಿಂಗಳು ನಾನು ದಡ್ಡಿ, ನನ್ನ ಕೈಯಲ್ಲಿ ಇದೆಲ್ಲ ಆಗುವುದಿಲ್ಲ ಅಂತ ಮೇಣ ಕಾಯಿಸುತ್ತಾ ಅತ್ತಿದ್ದೇನೆ. ಮಾಡಿಕೊಟ್ಟ ಸೆಟ್ಟು ಸರಿಯಿಲ್ಲ ಅಂತ ಬೇರೆ ಹೇಳಿದರು, ಅದನ್ನಂತೂ ನಾನು ಮರೆಯುವುದಿಲ್ಲ. ಇಷ್ಟನ್ನೂ ಹೊಟ್ಟೆಗೆ ಹಾಕಿಕೊಳ್ಳಲು ನನಗೆ ಇನ್ನೂ ಸ್ವಲ್ಪ ದಿನ ಬೇಕು. ಇದನ್ನು ನೀವು ಅವರ ಬಾಯಿಂದಲೇ ಕೇಳಬೇಕು ಅಂತ ಬರೆದೆ.

ನೀವು ಅತ್ತಿರಂತೆ. ಅದೇ ಕಥೆಯನ್ನು ನಾನು ನಿಮ್ಮ ಮಗನಿಗೆ ಓದಿದ್ದೆ. ನಕ್ಕರು, ಸೀಟಿ ಹೊಡೆದರು, ಅಳಲಿಲ್ಲ. ಈಗ ಕೇಳಿದರೆ, ‘ಅತ್ತಿಗೆ ಓದಿದ್ರೆ ಕಲ್ಲೂ ಅಳುತ್ತೆ, ನೀನು ದಿನಸಿ ಚೀಟಿ ಓದಿದ ಹಾಗೆ ಓದಿದೆ’ ಅಂತಾರೆ. ನನಗೆಷ್ಟು ಸಿಟ್ಟು ಬಂತು ಗೊತ್ತಾ! ಬರೆದವಳು ನಾನು, ಅಳಿಸಿದವರು ಅವರು. ನಿಮ್ಮನ್ನು ಪಕ್ಕದಲ್ಲಿ ಇಟ್ಟುಕೊಂಡವರೂ ಅವರೇ. ಎಲ್ಲ ಅವರಿಗೇ ಇರಲಿ!

ಒಂದು ವಿಷಯ ಅವರನ್ನು ಕೇಳಿ. ಹೋದ ಸಲ ನಾನು ಬಂದಾಗ ಅವರ ಮೇಲಧಿಕಾರಿ ಫೈಲಿಗೆ ಸಹಿ ಹಾಕುವ ಮೊದಲು ಮೂರು ಥರ ಕೆಮ್ಮುವುದನ್ನು ಮಾಡಿ ತೋರಿಸಿದರಲ್ಲ, ನೀವೂ ನಾನೂ ಬಿದ್ದು ಬಿದ್ದು ನಕ್ಕಿದ್ದೆವು. ಅವರ ಎರಡೂ ಪುಸ್ತಕ ಮೊನ್ನೆ ಮತ್ತೆ ಓದಿದೆ. ಆಕಾಶ ಇದೆ, ಸೂರ್ಯ ಇದ್ದಾನೆ, ಆ ಕೆಮ್ಮು ಒಂದು ಕಡೆಯೂ ಇಲ್ಲ. ಯಾಕಿಲ್ಲ? ಅವರಿಗೆ ಸಲಹೆ ಕೊಡಲು ನಾನ್ಯಾರು, ನೀವೇ ಹೇಳಿ.

ಸೀಟಿಗೆ ನಾಲಿಗೆ ತುದಿಯನ್ನು ಕೆಳಗಿನ ಹಲ್ಲಿಗೆ ಒತ್ತಬೇಕು. ಸಂದು ಬೇಕಾದರೆ ಮುಂದಿನ ಸಲ ಬಂದಾಗ ಮಾಡಿಕೊಡುತ್ತೇನೆ.

ನಿಮ್ಮ ಚಿಕ್ಕೋಳು

*

ಏಪ್ರಿಲ್ ೨

ತಂಗಿ,

ಅತ್ತೆಯ ಕಾಗದ ಓದಿದೆ. ಹಲ್ಲು ಕಿತ್ತ ಸಾಲನ್ನ ಮಾತ್ರ ಬಿಟ್ಟು ಮುಂದಕ್ಕೆ ಹೋದೆ. ಅತ್ತೆ ಕಣ್ಣು ಮುಚ್ಚಿಕೊಂಡೇ ‘ಅಲ್ಲೇನೋ ನುಂಗಿದೆ ನೀನು, ಓದು’ ಅಂದರು. ಓದಿದೆ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ‘ಹೂಂ, ಮುಂದೆ’ ಅಂದರು.

ಕೆಮ್ಮಿನ ಕಡೆ ಬಂದಾಗ ಕೆಮ್ಮಲೇಬೇಕಾಯಿತು, ಮೂರು ಥರವೂ. ಅತ್ತೆ ನಕ್ಕು ನಕ್ಕು ಸುಸ್ತಾಗಿ, ‘ಇವತ್ತು ಈ ಕೆಮ್ಮೋನ ಕಥೆ ಓದು. ನಿಂದೇ ಓದು, ಚಿಕ್ಕೋಳದ್ದು ಬೇಡ’ ಅಂದರು.

‘ಅದನ್ನ ಇನ್ನೂ ಬರೆದಿಲ್ಲ ಅತ್ತೆ’ ಅಂದೆ.

‘ಮತ್ತೆ ಇಲ್ಲಿ ಕೂತ್ಕೊಂಡು ಏನ್ ಮಾಡ್ತಿದೀಯ? ಎದ್ದು ಹೋಗಿ ಬರಿ’ ಅಂದು ಸೆಟ್ಟು ತೆಗೆದು ಲೋಟಕ್ಕೆ ಹಾಕಿದರು. ಲೋಟವನ್ನ ಎಂದಿನ ಹಾಗೆ ನನ್ನ ಪುಸ್ತಕದ ಮೇಲೇ ಇಟ್ಟರು.

ಅಕ್ಕ